ಅಪ್ಪಯ್ಯನ್ನ ಮುಳುಗಿದ ಊರಿಗೆ ಕರ್ಕೊಂಡು ಹೋಗಬೇಕು: ಬೇಸಿಗೆಯಲ್ಲಿ ಶರಾವತಿ ಹಿನ್ನೀರಿಗೆ ಇಳಿದವರು ಯಾರಾದ್ರೂ ಇದ್ದೀರಾ?

ಸೊಪ್ಪಿನಬೆಟ್ಟ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯೋದು ಕಡಿಮೆ, ಓದೋದೇ ಜಾಸ್ತಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಮ್ಮ ಅಪ್ಪಯ್ಯನಿಗೆ ಈಗ 74. ಹುಟ್ಟಿದ್ದು ಸಾಗರ ತಾಲ್ಲೂಕಿನ ಮಡೆನೂರು ಕಡೆಯ ಒಂದು ಸಣ್ಣ ಊರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆಯ್ತು, ಊರು ಹೋಯ್ತು. ಆಗ ಅವರಿಗೆ ಹನ್ನೆರಡು ವರ್ಷ. ಲಾರಿಯಲ್ಲಿ ಪಾತ್ರೆ, ಒನಕೆ, ಕರು, ಅಜ್ಜಿ ಎಲ್ಲವನ್ನೂ ಒಟ್ಟಿಗೆ ತುಂಬಿ ಶಿವಮೊಗ್ಗದ ಕಡೆ ಒಂದು ಕಾಡಿನ ಅಂಚಲ್ಲಿ ಇಳಿಸಿ ಹೋದರಂತೆ. ಅದೇ ಈಗ ನಮ್ಮೂರು. ನಾನು ಹುಟ್ಟಿದ್ದು ಅಲ್ಲೇ.

ವಿಷಯ ಏನಂದ್ರೆ, ನಾನು ಅಕ್ಷರ ಕಲಿತಾಗಿಂದ ಒಂದು ನೋಡಿದ್ದೀನಿ. ಬೆಳಗ್ಗೆ ಪೇಪರ್ ಬಂದ ತಕ್ಷಣ ಅಪ್ಪಯ್ಯ ಮೊದಲು ಹುಡುಕೋದು ಜಲಾಶಯದ ನೀರಿನ ಮಟ್ಟ. ಗರಿಷ್ಠ 1,819 ಅಡಿ, ಇಂದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಅದಾದ ಮೇಲೇ ಉಳಿದ ಸುದ್ದಿ. ಮಳೆ, ಬೆಳೆ, ಕರೆಂಟಿನ ಚಿಂತೆ ಇರಬೇಕು ಅಂದ್ಕೊಂಡಿದ್ದೆ. ಈಗ ಬೆಂಗಳೂರಲ್ಲಿ ನನ್ನ ಜೊತೆ ಇದ್ದಾರೆ, ಇಲ್ಲಿಯ ಪೇಪರಲ್ಲಿ ಅದು ದಿನಾ ಸಿಗಲ್ಲ, ಹಾಗಾಗಿ ನನ್ನ ಮೊಬೈಲಲ್ಲಿ ನೋಡಿಸ್ತಾರೆ.

ಕಳೆದ ತಿಂಗಳು ಊರಿನ ಮನೆ ಸುಣ್ಣ ಬಳಿಸುವಾಗ ಗೋಡೆಯ ಹಳೇ ಕ್ಯಾಲೆಂಡರ್ ಇಳಿಸಿದೆ. ಹಿಂಬದಿಯಲ್ಲಿ ಅಪ್ಪಯ್ಯನ ಅಕ್ಷರ. ‘1,750 ಬಾವಿಕಟ್ಟೆ. ಇನ್ನೂ ಎರಡು ಅಡಿ ಇಳಿದರೆ ಬಚ್ಚಲು ಕಲ್ಲು.’ ಅದರ ಕೆಳಗೆ ಇನ್ನೂ ನಾಲ್ಕೈದು ಸಾಲು. ಕೇಳಿದ್ದಕ್ಕೆ, ಬರಗಾಲದ ವರ್ಷಗಳಲ್ಲಿ ದೊಡ್ಡಪ್ಪ ಹೋಗಿ ನೋಡ್ಕೊಂಡು ಬಂದು ಹೇಳ್ತಿದ್ದದ್ದು, ಇವರು ಬರ್ಕೊಂಡದ್ದು ಅಂದರು. ಇವರು ಒಂದ್ಸಲವೂ ಹೋದವರಲ್ಲ. ‘ನೋಡಿ ಎಂತ ಮಾಡದು’ ಅಂತಿದ್ದರು. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಮೊನ್ನೆ ಊಟ ಮಾಡ್ತಾ ತಾವಾಗೇ ‘ಒಂದ್ಸಲ ಹೋಗಿ ಬರನ’ ಅಂದರು.

ಮಂಡಿನೋವು ಇದೆ, ಬಿಪಿ ಇದೆ. ಯಾವ ತಿಂಗಳು ಒಳ್ಳೇದು, ಎಲ್ಲಿವರೆಗೆ ಕಾರು ಹೋಗುತ್ತೆ, ನಡೆಯೋದು ಎಷ್ಟಾಗಬಹುದು? ಗೊತ್ತಿದ್ದವರು ಹೇಳಿ.

ತುಮರಿ ಬಸ್ಸು

ಅಣ್ಣ, ಏಪ್ರಿಲ್ ಕೊನೆಯಿಂದ ಮಳೆ ಹಿಡಿಯೋ ತನಕ. ಮುಂಗಾರು ಶುರುವಾದ ಮೇಲೆ ಒಂದೇ ವಾರದಲ್ಲಿ ಚಿತ್ರ ಬದಲಾಗುತ್ತೆ, ನಂಬಬೇಡಿ. ಆದರೆ ಪ್ರತಿ ಬೇಸಿಗೆಯಲ್ಲೂ ಊರು ಕಾಣಲ್ಲ. ಹಿಂದಿನ ಮಳೆಗಾಲ ಚೆನ್ನಾಗಿದ್ದರೆ ಮೇ ತಿಂಗಳಲ್ಲೂ ನೀರು ಮೇಲೇ ಇರುತ್ತೆ. 2023ರಲ್ಲಿ ಮಳೆ ಕೈಕೊಡ್ತಲ್ಲ, ಅದರ ಮರುವರ್ಷದ ಬೇಸಿಗೆ ಥರದ್ದು ಬೇಕು ನಿಮಗೆ.

ಇನ್ನೊಂದು ಮುಖ್ಯ ಮಾತು. ನೀರು ಇಳಿದ ಜಾಗ ದೂರದಿಂದ ಒಣಗಿ ಬಿರುಕು ಬಿಟ್ಟ ಗದ್ದೆ ಥರ ಕಾಣುತ್ತೆ. ಮೇಲೆ ಮಾತ್ರ ಒಣಗಿರೋದು. ಒಳಗೆ ಹೂಳು, ಮೊಣಕಾಲಿನ ತನಕ ಹುಗಿಯುತ್ತೆ. ಹಿರಿಯರನ್ನ ಕರ್ಕೊಂಡು ನೇರ ನೀರಿನ ಅಂಚಿಗೆ ಹೋಗಬೇಡಿ. ದನ ಓಡಾಡಿದ ಜಾಡು ಇದ್ದರೆ ಅದರ ಮೇಲೆ ಮಾತ್ರ ನಡೀರಿ, ದನಕ್ಕೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಸಣ್ಣ ದೋಣಿ, ತೆಪ್ಪ ಅಂತ ಯಾರಾದ್ರೂ ಆಸೆ ತೋರಿಸಿದರೆ ಬೇಡ ಅನ್ನಿ. ಕಡಿಯದೇ ಬಿಟ್ಟ ಮರಗಳ ಬೊಡ್ಡೆ ನೀರೊಳಗೆ ಇನ್ನೂ ನಿಂತಿವೆ.

ಕೆಲವು ಕಡೆ ಸಿಂಗಳೀಕ ಅಭಯಾರಣ್ಯದ ಗಡಿ ಬರುತ್ತೆ. ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ತಾಪತ್ರಯ ಇಲ್ಲ.

ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಓಪನ್ ಆಗಿದೆ. ಲಾಂಚ್ ಕಾಯೋ ಕೆಲಸ ಇಲ್ಲ. ನಮಗೆ ಅದೇ ದೊಡ್ಡ ವಿಷಯ. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಆ ರಾತ್ರಿ ಹೇಗಿರ್ತಿತ್ತು ಅಂತ ನಮ್ಮ ಅಮ್ಮನ್ನ ಕೇಳಬೇಕು.

ಎರಡು ಚಕ್ರ

ಬ್ರೋ ಸೂಪರ್ ಜಾಗ. ಎರಡು ವರ್ಷದ ಹಿಂದೆ ಹೋಗಿದ್ವಿ, ಹಳೇ ಮಡೆನೂರು ಡ್ಯಾಮ್ ಪೂರ್ತಿ ಮೇಲೆ ಬಂದಿತ್ತು. ಡ್ರೋನ್ ತಗೊಂಡು ಹೋಗಿ, ಬೇರೆ ಲೆವೆಲ್ ವಿಡಿಯೋ ಬರುತ್ತೆ. ತಂದೆಯವರ ರಿಯಾಕ್ಷನ್ ರೆಕಾರ್ಡ್ ಮಾಡಿದ್ರೆ ಕಂಟೆಂಟ್ ಪಕ್ಕಾ ವೈರಲ್.

ಕಾರ್ಗಲ್ ಜಡಿಮಳೆ

ಎರಡು ಚಕ್ರ ಅವರೇ, ನಿಮ್ಮ ಅಜ್ಜನ ತಿಥಿಗೂ ಡ್ರೋನ್ ಹಾರಿಸ್ತೀರಾ?

ಎರಡು ಚಕ್ರ

ಸಾರಿ ಅಕ್ಕಾ. ಆ ಥರ ಯೋಚನೆ ಮಾಡಿರಲಿಲ್ಲ.

ಪೆನ್‌ಸ್ಟಾಕ್

ನಾನು ಶರಾವತಿ ವಿದ್ಯುತ್ ಯೋಜನೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಹೇಳಬಹುದೋ ಬೇಡವೋ ಅಂತ ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಎರಡು ಚಕ್ರ ಅವರು ನೋಡಿದ್ದು ಹಿರೇಭಾಸ್ಕರ ಅಣೆಕಟ್ಟು. ಮಹಾರಾಜರ ಕಾಲದಲ್ಲಿ, ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸಲು ಕಟ್ಟಿದ್ದು. ಆ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ದೊಡ್ಡ ಅಣೆಕಟ್ಟೆ ಬಂದ ಮೇಲೆ ಚಿಕ್ಕದು ಅದರ ಹೊಟ್ಟೆಯೊಳಗೇ ಮುಳುಗಿತು. ಹೆಚ್ಚಾದ ನೀರು ಗೇಟು ಎತ್ತದೆ ತಾನೇ ಹೊರಹೋಗುವ ಸೈಫನ್ ವ್ಯವಸ್ಥೆ ಅದರಲ್ಲಿತ್ತು. ನೀರು ಪೂರ್ತಿ ಇಳಿದಾಗ ದೊಡ್ಡ ದೊಡ್ಡ ದುಂಡು ಬಾವಿಗಳ ಬಾಯಿ ಸಾಲಾಗಿ ಕಾಣುತ್ತದಲ್ಲ, ಅವೇ ಅವು. ಅಷ್ಟು ವರ್ಷ ನೀರೊಳಗಿದ್ದೂ ಗಾರೆ ಬಿಟ್ಟಿಲ್ಲ. ಹೋದರೆ ಕೈಯಿಟ್ಟು ನೋಡಿ.

ಲಿಂಗನಮಕ್ಕಿಯಲ್ಲಿ ಹಿಡಿಯುವುದು 151 ಟಿಎಂಸಿ. ಅದು ತಳಕಳಲೆಯ ಸಣ್ಣ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೆಳಗಿಳಿದು ಹತ್ತು ಯಂತ್ರ ತಿರುಗಿಸುತ್ತದೆ, 1,035 ಮೆಗಾವಾಟ್. ಒಂದು ಕಾಲದಲ್ಲಿ ಇಡೀ ರಾಜ್ಯದ ಮನೆಗಳು ಈ ನೀರಿನ ಬೆಳಕಲ್ಲೇ ಇದ್ದವು. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಕಾರ್ಗಲ್ ಜಡಿಮಳೆ

ಸರ್, ಹೆಮ್ಮೆ ಇರಲಿ, ಬೇಡ ಅನ್ನಲ್ಲ. ನಮ್ಮ ಅಜ್ಜಿಯನ್ನ ಎಬ್ಬಿಸಿದ್ದೂ ಆ ಹತ್ತು ಯಂತ್ರಕ್ಕೇ. ಎಬ್ಬಿಸಿ ಬಿಟ್ಟ ಜಾಗದಲ್ಲಿ ಅವಳು ಸಾಯೋವರೆಗೂ ಚಿಮಣಿ ಬುಡ್ಡಿಯೇ. ಹೈಟೆನ್ಷನ್ ತಂತಿ ಮಾತ್ರ ಮನೆಯ ತಲೆ ಮೇಲೇ ಹೋಗ್ತಿತ್ತು, ಮಳೆಗಾಲದಲ್ಲಿ ಗುಂಯ್ ಅಂತ ಸದ್ದು ಮಾಡೋದು. ಅಜ್ಜಿ ಅದಕ್ಕೆ ‘ನಮ್ಮೂರು ಹೋತಾ ಇದ್ದು’ ಅಂತಿದ್ದಳು. ಜಮೀನಿನ ಹಕ್ಕುಪತ್ರದ ಕಥೆ ಇನ್ನೂ ಮುಗಿದಿಲ್ಲ, ಅದು ನಿಮಗೂ ಗೊತ್ತು.

ಪೆನ್‌ಸ್ಟಾಕ್

ಗೊತ್ತಮ್ಮ. ನಿಮ್ಮ ಅಜ್ಜಿಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಳೇ ಬಾಗಲಕೋಟಿ

ನಮ್ದೂ ಇದೇ ಹಾಡು ರೀ. ನಿಮ್ದು ಹೊಳಿ ಬ್ಯಾರೆ, ನಮ್ದು ಘಟಪ್ರಭಾ. ಆಲಮಟ್ಟಿ ನೀರು ಹಿಂದಕ್ಕ ಬಂದು ಬಾಗಲಕೋಟಿ ಕಿಲ್ಲಾ ಕಡೆ ನುಂಗ್ತು. ನಮಗ ನವನಗರದಾಗ ಜಾಗಾ ಕೊಟ್ರು. ಅಗಲ ರಸ್ತೆ, ಗಿಡ, ಸೆಕ್ಟರ್ ನಂಬರ್, ಎಲ್ಲಾ ಛಲೋನ ಐತಿ. ಆದ್ರ ನಮ್ಮ ಅವ್ವಗ ಇವತ್ತಿಗೂ ತನ್ನ ಸೆಕ್ಟರ್ ನಂಬರ್ ನೆನಪಿರಂಗಿಲ್ಲ. ಆಟೋದವ್ಗ ‘ಕಿಲ್ಲಾದಾಗ ನಮ್ಮ ಬಾಜೂಕಿದ್ದ ಶೆಟ್ಟರು ಈಗ ಎಲ್ಲಿ ಅದಾರ, ಅಲ್ಲಿ ಬಿಡಪಾ’ ಅಂತಾಳ. ಮಜಾ ಅಂದ್ರ, ಹಳೇ ಆಟೋದವ್ರಿಗೆ ಅದು ತಿಳೀತೈತಿ.

ಹೋಳಿ ಹುಣ್ಣಿವಿಗೆ ಮಾತ್ರ ಎಲ್ಲಾರೂ ಹಳೇ ಊರಿಗೇ ಹೋಗೂದು. ಹಲಗಿ ಬಡಿಯೂದು ಅಲ್ಲೇ, ಬಣ್ಣದ ಬ್ಯಾರಲ್ ಹೇರಿದ ಬಂಡಿ ಹೊಂಡೂದೂ ಅಲ್ಲೇ. ಮೂರು ದಿನಾ ಬಣ್ಣಾ. ಮನಿ ಇಲ್ಲದ ಊರಾಗ ಹಬ್ಬಾ ಮಾಡಿ, ಮನಿ ಇದ್ದ ಊರಿಗೆ ಜಳಕಕ್ಕ ಬರ್ತೀವಿ.

ಸೊಪ್ಪಿನಬೆಟ್ಟ ಅವ್ರ, ಒಂದು ಸಲಹಾ. ಅಪ್ಪಾರ್ನ ಒಬ್ರನ್ನೇ ಕರ್ಕೊಂಡು ಹೋಗಬ್ಯಾಡ್ರಿ. ಅವರ ಊರಿನವರು, ಅವರ ವಯಸ್ಸಿನವರು ಇನ್ನೊಬ್ರು ಸಿಕ್ರ ಹುಡಕ್ರಿ. ನಾ ನಮ್ಮ ಅಪ್ಪನ್ನ ಒಬ್ಬನ್ನ ಕರ್ಕೊಂಡು ಹೋಗಿದ್ದೆ. ಅರ್ಧಾ ತಾಸು ನೀರು ನೋಡಿದ, ಏನೂ ಮಾತಾಡ್ಲಿಲ್ಲ, ‘ನಡಿ’ ಅಂದ. ತೋರಿಸಿದ್ರೂ ನಂಗ ತಿಳಿಯೂದಿಲ್ಲ ಅಂತ ಅವಂಗ ಗೊತ್ತಿತ್ತು. ಹೊಳ್ಳಿ ಬರೂ ಮುಂದ ಕೂಡಲಸಂಗಮಕ್ಕ ಹೋದ್ವಿ. ಅಲ್ಲಿ ಬಸವಣ್ಣನ ಐಕ್ಯಮಂಟಪದ ಸುತ್ತ ನೀರು ನುಗ್ಗಬಾರದಂತ ದೊಡ್ಡ ಬಾವಿಯಂಗ ಗೋಡಿ ಕಟ್ಯಾರ. ಮೆಟ್ಲಾ ಇಳದು ಕೆಳಗ ಹೋಗಬೇಕು. ಹೊರಗ ಸುತ್ತಲೂ ಹೊಳಿ, ನಡಬರಕ ನಾವು ತಳದಾಗ. ಅಪ್ಪ ಆ ಗೋಡಿ ಮ್ಯಾಲ ಕೈ ಇಟ್ಟು ಅಂದ: ‘ನಮ್ಮ ಮನಿಗೂ ಹಿಂಗೊಂದು ಕಟ್ಟಬೇಕಿತ್ತು ನೋಡು.’ ಅಷ್ಟ.

ಗೊರೂರು ದಾರಿ

ಬಾಗಲಕೋಟಿಯವರ ಮಾತಿಗೆ ನೂರು ಅಂಕ.

ನಾನು ಹಾಸನದವಳು. ಶೆಟ್ಟಿಹಳ್ಳಿ ಚರ್ಚ್ ಎಲ್ಲರೂ ನೋಡಿರ್ತೀರಿ, ಮದುವೆ ಫೋಟೋಶೂಟಿನ ಜಾಗ ಆಗಿಬಿಟ್ಟಿದೆ. 1860ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟೆಯಿಂದ ಹೇಮಾವತಿ ಹಿನ್ನೀರು ಬಂದು ಊರು ಖಾಲಿಯಾಯ್ತು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತೆ, ಬೇಸಿಗೆಯಲ್ಲಿ ಒಳಗೆ ದನ ಮಲಗಿರುತ್ತೆ.

ನಮ್ಮನೆಗೆ ಹಾಲು ಹಾಕ್ತಿದ್ದ ಅಜ್ಜಿ ಅದೇ ಕಡೆಯವರು. ಒಮ್ಮೆ ನಮ್ಮ ಕಾರಲ್ಲಿ ಕೂರಿಸ್ಕೊಂಡು ಹೋದೆ. ನನಗೆ ಚರ್ಚಿನ ಕಮಾನು, ಕಿಟಕಿ, ಅದರಾಚೆ ಆಕಾಶ. ಅವರು ಚರ್ಚಿನ ಕಡೆ ತಲೆ ಕೂಡ ತಿರುಗಿಸಲಿಲ್ಲ. ಬೆನ್ನು ಹಾಕಿ ನಿಂತು, ಏನೂ ಇಲ್ಲದ ಹುಲ್ಲುಗಾವಲು ನೋಡ್ತಿದ್ದರು. ‘ಏನಜ್ಜಿ?’ ಅಂದೆ. ‘ಅಲ್ಲಿ ಹುಣಸೆಮರ ಇತ್ತು ಕಣವ್ವ, ರಾಗಿ ಕಣ ಅದರ ಬುಡದಲ್ಲೇ’ ಅಂದರು. ಆಮೇಲೆ ಹುಣಸೆಮರದ ಬಗ್ಗೆ ಮುಕ್ಕಾಲು ಗಂಟೆ. ಆ ಮರದ ಹಣ್ಣು ಹುಳಿ ಜಾಸ್ತಿಯಂತೆ, ಅದರಲ್ಲಿ ಸಾರು ಮಾಡಿದರೆ ಕೊಂಚ ಬೆಲ್ಲ ಬೀಳಲೇಬೇಕಂತೆ. ಊಟಕ್ಕೆ ತಡವಾಯ್ತು ಅಂತ ನಾನೇ ಅವರನ್ನ ಎಬ್ಬಿಸಿದ್ದು. ಅದು ಈಗಲೂ ಚುಚ್ಚುತ್ತೆ. ಸಮಯ ಇಟ್ಕೊಂಡು ಹೋಗಿ. ಅದೇ ದಿನ ಜೋಗ, ಇಕ್ಕೇರಿ, ವರದಹಳ್ಳಿ ಅಂತ ಪಟ್ಟಿ ಮಾಡ್ಕೋಬೇಡಿ.

ಕಟ್ಟೆ ಕೆಳಗಿನ ಗದ್ದೆ

ಕನ್ನಂಬಾಡಿ ಊರೂ ಹಂಗೇ ಹೋಗಿದ್ದು. ವೇಣುಗೋಪಾಲಸ್ವಾಮಿ ಒಬ್ಬನಿಗೆ ಮಾತ್ರ ಅದೃಷ್ಟ. ಖೋಡೆ ಪ್ರತಿಷ್ಠಾನದವರು ಕಲ್ಲು ಕಲ್ಲಿಗೂ ನಂಬರ್ ಹಾಕಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಚೆನ್ನಾಗಿದೆ, ಹೋಗಿ ಬನ್ನಿ. ನಾವಂತೂ ನೀರು ಕುಡ್ದು ಬೆಳೆದ ಕಡೆಯವರು. ಈ ಚರ್ಚೆ ಓದ್ತಾ ಗದ್ದೆಗೆ ನೀರು ಕಟ್ಟೋಕೆ ಹೋಗೋದು ಒಂಥರಾ ಆಗ್ತಿದೆ.

ಚಳಿದೇಶದ ಸೊಸೆ

ಬಾಸ್ಟನ್ ಹತ್ತಿರ ಇದ್ದೇವೆ. ಹೋದ ವರ್ಷ ನಮ್ಮತ್ತೆ ಬಂದಿದ್ದರು. ಅವರು ಸೂಪಾದವರು. ಕಾಳಿ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟು ಕಟ್ಟಿದಾಗ ಇಡೀ ಸೂಪಾ ಪೇಟೆ ಹೋಯ್ತು, ತಾಲ್ಲೂಕಿನ ಹೆಸರು ಮಾತ್ರ ಉಳೀತು. ಕಚೇರಿಗಳೆಲ್ಲ ಜೋಯಿಡಾಗೆ, ಇವರ ಮನೆಯವರು ರಾಮನಗರಕ್ಕೆ.

ಅತ್ತೆಗೆ ಮಾಲು, ಮ್ಯೂಸಿಯಂ ಯಾವುದೂ ರುಚಿಸಲಿಲ್ಲ. ನನ್ನ ಗಂಡ ಒಂದು ಭಾನುವಾರ ಕ್ವಾಬಿನ್ ಅನ್ನೋ ಜಲಾಶಯಕ್ಕೆ ಕರ್ಕೊಂಡು ಹೋದರು. ಬಾಸ್ಟನ್‌ಗೆ ಕುಡಿಯೋ ನೀರಿಗಾಗಿ 1938ರಲ್ಲಿ ನಾಲ್ಕು ಊರುಗಳನ್ನ ಸರ್ಕಾರಿ ದಾಖಲೆಯಿಂದಲೇ ತೆಗೆದುಹಾಕಿದರಂತೆ. ಡೇನಾ ಅನ್ನೋ ಊರಿನ ನಡುಭಾಗ ಮಾತ್ರ ನೀರಿಗಿಂತ ಮೇಲಿದೆ. ಮನೆ ಒಂದೂ ಇಲ್ಲ. ಕಾಡಿನ ನಡುವೆ ಚೌಕಾಕಾರದ ಬಯಲು, ಸುತ್ತ ನೆಲಮಾಳಿಗೆಗಳ ಕಲ್ಲುಗುಂಡಿ, ಒಂದು ನೆನಪಿನ ಕಲ್ಲು. ದೂರ ನಡೆದೇ ಹೋಗಬೇಕು. ಅತ್ತೆ ಸೀರೆ, ಮೇಲೆ ಸ್ವೆಟರ್, ಕಾಲಿಗೆ ನನ್ನ ಶೂ.

ಗುಂಡಿಗಳನ್ನ ಒಂದೊಂದಾಗಿ ಬಗ್ಗಿ ನೋಡಿದರು. ‘ಇದು ಶಾಲೆ ಇರಬೇಕು, ದೊಡ್ಡದಿದೆ’ ಅಂದರು. ಫಲಕ ಓದಿದೆ, ಶಾಲೆಯೇ! ಇವರಿಗೆ ಬದಲಿ ಜಾಗ ಎಲ್ಲಿ ಕೊಟ್ಟರು ಅಂತ ಕೇಳಿದರು. ದುಡ್ಡು ಕೊಟ್ಟು ಕಳಿಸಿದರು, ಆದರೆ ಸಮಾಧಿಗಳನ್ನ ಅಗೆದು ಬೇರೆ ಕಡೆ ಸ್ಮಶಾನ ಮಾಡಿ ಸಾಗಿಸಿದರು, ಏಳು ಸಾವಿರಕ್ಕೂ ಮೇಲೆ ಅಂತ ಗಂಡ ಹೇಳಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸತ್ತವರಿಗೂ ಜಾಗ ನೋಡಿದರಲ್ಲ’ ಅಂದರು. ಆರು ವಾರದಲ್ಲಿ ಅಮೆರಿಕದ ಬಗ್ಗೆ ಅವರಾಡಿದ ಒಂದೇ ಒಳ್ಳೆಯ ಮಾತು ಅದು.

ತುಮರಿ ಬಸ್ಸು

ಅಕ್ಕಾ, ‘ಆರು ವಾರದಲ್ಲಿ ಒಂದೇ ಒಳ್ಳೆಯ ಮಾತು’ ಓದಿ ಬಸ್ಸಲ್ಲಿ ಜೋರಾಗಿ ನಕ್ಕೆ. ಕಂಡಕ್ಟರ್ ನೋಡ್ತಿದ್ದಾರೆ.

ಸೊಪ್ಪಿನಬೆಟ್ಟ

ಎಲ್ಲರಿಗೂ ಋಣಿ. ಹೋಗಿ ಬಂದೆವು. ನಡೆದದ್ದು ನಡೆದಂತೆ ಬರೀತೀನಿ.

ಬಾಗಲಕೋಟಿಯವರ ಮಾತಿನಂತೆ ಊರಿನವರನ್ನ ಹುಡುಕಿದೆ. ಅಪ್ಪಯ್ಯನಿಗಿಂತ ನಾಲ್ಕು ವರ್ಷ ದೊಡ್ಡವರೊಬ್ಬರು ಹೊಸನಗರದ ಹತ್ತಿರ ಮಗಳ ಮನೇಲಿದ್ದರು. ಒಂದು ಕಿವಿ ಕೇಳಲ್ಲ. ಫೋನಲ್ಲಿ ಎರಡು ನಿಮಿಷ ಯಾರಿಗೆ ಯಾರು ಅಂತ ಹೇಳಿಕೊಳ್ಳೋದರಲ್ಲೇ ಹೋಯ್ತು. ಆಮೇಲೆ ಅವರು ‘ಓ, ಗೇರುಬೀಜ ಕದ್ದವನಾ!’ ಅಂದರು. ಅಪ್ಪಯ್ಯ ಫೋನ್ ದೂರ ಹಿಡಿದು ನನ್ನ ಮುಖ ನೋಡಿದರು. ಈ ಮಾಹಿತಿ ನಮಗೆ ಇದುವರೆಗೆ ಇರಲಿಲ್ಲ.

ಮೇ ಮಧ್ಯದಲ್ಲಿ ಹೊರಟೆವು. ಸಾಗರದಲ್ಲಿ ರಾತ್ರಿ ಉಳಿದು, ಬೆಳಗ್ಗೆ ಜೀಪು. ನೀರು ಅಪ್ಪಯ್ಯನ ಕ್ಯಾಲೆಂಡರ್ ಲೆಕ್ಕಕ್ಕಿಂತ ಹನ್ನೆರಡು ಅಡಿ ಮೇಲೇ ಇತ್ತು. ಅವರಿಗೆ ಹೊರಡುವ ಮೊದಲೇ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಮುಂದೆ ಹಾಕ್ತಿದ್ದೆ.

ಜೀಪು ನಿಂತಲ್ಲಿಂದ ಇನ್ನೂರು ಹೆಜ್ಜೆ. ದನದ ಜಾಡಿನ ಮೇಲೇ ನಡೆದೆವು (ತುಮರಿಯವರಿಗೆ ವಂದನೆ). ಹಳೇ ಗಾಡಿರಸ್ತೆ ಒಂದು ಗುಡ್ಡದ ಬದಿಯಿಂದ ಇಳಿದು ಬರುತ್ತೆ. ಜಂಬಿಟ್ಟಿಗೆ ಗಟ್ಟಿನೆಲ, ಎರಡು ಬದಿ ಚಕ್ರದ ಗುಳಿ ಇನ್ನೂ ಇದೆ. ಆ ಎರಡು ಗುಳಿಗಳೂ ಹಾಗೇ ನೇರ ನೀರೊಳಗೆ ಇಳಿದು ಹೋಗಿವೆ. ಅಪ್ಪಯ್ಯ ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ನಾನು ತೋಳು ಹಿಡಿದೆ. ಒಂದು ಗುಳಿಯಲ್ಲೇ ಕಾಲಿಟ್ಟು ನಡೆದು ನೀರು ಹಿಮ್ಮಡಿ ಮುಟ್ಟಿದಲ್ಲಿ ನಿಂತರು. ಬೆರಳು ತೋರಿಸಿ ‘ಅಗಾ, ಅಲ್ಲಿ ನಮ್ಮನೆ’ ಅಂದರು. ಬರೀ ನೀರು. ಗಾಳಿಗೆ ಸಣ್ಣಗೆ ಅಲೆ.

ಹಿಂದಿನಿಂದ ಆ ಹಿರಿಯರು: ‘ಅಲ್ಲೆಲ್ಲೋ ನಿಮ್ಮನೆ? ಅದು ನಮ್ಮ ತೋಟ. ನಿಮ್ಮದು ಈ ಕಡೆ.’

ಅಲ್ಲಿಂದ ಶುರುವಾಯ್ತು ನೋಡಿ. ಬಾವಿ ಹಾದಿಯ ಎಡಕ್ಕೋ ಬಲಕ್ಕೋ. ಎಡ ಅಂದರೆ ಬರುವಾಗಿನ ಎಡವೋ ಹೋಗುವಾಗಿನ ಎಡವೋ. ಭೂತನ ಕಟ್ಟೆಯಿಂದ ಎಷ್ಟು ಮಾರು. ಒಬ್ಬರಿಗೆ ಮಂಡಿ ಇಲ್ಲ, ಒಬ್ಬರಿಗೆ ಕಿವಿ ಇಲ್ಲ, ಇಬ್ಬರೂ ಕೂಗಾಡ್ತಿದ್ದಾರೆ. ಕೊನೆಗೆ ಅಪ್ಪಯ್ಯ ಒಂದು ಕಡ್ಡಿ ತಗೊಂಡು ದಡದ ಹಸಿ ಹೂಳಲ್ಲಿ ಊರನ್ನೇ ಬರೆದರು. ಹನ್ನೊಂದು ಮನೆ. ಪ್ರತಿ ಮನೆಗೂ ಒಂದು ಕಲ್ಲು. ಇನ್ನೊಬ್ಬರು ಕೂತು ಎರಡು ಕಲ್ಲು ಅದಲುಬದಲು ಮಾಡಿದರು. ಅಪ್ಪಯ್ಯ ವಾಪಸ್ ಇಟ್ಟರು. ಜೀಪಿನ ಹುಡುಗ ಇಪ್ಪತ್ತೆರಡರವನು, ಅವನೂ ಮಂಡಿಯೂರಿ ಕೂತು ‘ಅಜ್ಜ, ಹಾಂಗಾರೆ ಹೊಳೆ ಎಲ್ಲಿ ಹರೀತಿತ್ತು?’ ಅಂತ ಕೇಳಿದ. ಇಬ್ಬರೂ ಒಟ್ಟಿಗೆ ಒಂದೇ ಕಡೆ ಗೆರೆ ಎಳೆದರು. ಅದೊಂದರಲ್ಲಿ ಮಾತ್ರ ಜಗಳ ಇರಲಿಲ್ಲ.

ಊಟದ ಪೊಟ್ಟಣ ಬಿಚ್ಚಿದ್ದು ಮೂರು ಗಂಟೆಗೆ. ಚಿತ್ರಾನ್ನ ಹಳಸಲು ಶುರುವಾಗಿತ್ತು, ಯಾರೂ ದೂರಲಿಲ್ಲ. ಫೋಟೋ ತೆಗೆದದ್ದು ಒಂದೇ, ಆ ಹೂಳಿನ ನಕ್ಷೆಯದ್ದು. ಅದನ್ನ ಇಲ್ಲಿ ಹಾಕಲ್ಲ, ಕ್ಷಮಿಸಿ.

ಪೆನ್‌ಸ್ಟಾಕ್

ಆ ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಎರಡು ಪ್ರತಿ ಮಾಡಿ, ಅವರದೊಂದು, ಇವರದೊಂದು. ಒಂದೇ ಮಾಡಿ ಸರಿಪಡಿಸಲು ಹೋಗಬೇಡಿ.

ಹಳೇ ಬಾಗಲಕೋಟಿ

ಗೇರುಬೀಜದ ಕೇಸ್ ಏನಾತ್ರಿ? ಅದನ್ನ ಹೇಳದ ಬಿಟ್ರಿ.

ಸೊಪ್ಪಿನಬೆಟ್ಟ

ಒಪ್ಪಿಕೊಂಡಿಲ್ಲ. ‘ಅದು ನಮ್ಮ ಗಡಿಯೊಳಗಿನ ಮರ’ ಅಂತಿದ್ದಾರೆ. ಗಡಿ ಎಲ್ಲಿ ಅನ್ನೋದು ನೀರು ಇಳಿದ ಮೇಲೇ ತೀರ್ಮಾನ ಆಗಬೇಕಂತೆ.

ಇವತ್ತು ಬೆಳಗ್ಗೆ ಮೊಬೈಲ್ ಕೊಟ್ಟು ಮಟ್ಟ ನೋಡಿಸಿದರು. ನಾವು ಹೋಗಿ ಬಂದ ಮೇಲೆ ಮೂರು ಅಡಿ ಇಳಿದಿದೆ. ತಕ್ಷಣ ಹೊಸನಗರಕ್ಕೆ ಫೋನ್ ಹೋಯ್ತು. ತುಮರಿಯವರೇ, ಜೂನ್ ಮೊದಲ ವಾರ ಮಳೆ ಹಿಡಿಯದಿದ್ದರೆ ಜೀಪು ಸಿಗಬಹುದಾ? ಈ ಸಲ ನಾಲ್ಕು ಜನ ಆಗ್ತೇವೆ. ಹಳೇ ಊರಿನ ಇನ್ನೊಬ್ಬರು ಸಿಕ್ಕಿದ್ದಾರೆ, ಅವರ ಪ್ರಕಾರ ಹನ್ನೊಂದಲ್ಲ, ಹದಿಮೂರು ಮನೆ.